ಮಣ್ಣು ಹೊತ್ತವರ ಹೆಸರು

ಬಾವಿಯಾದರೆ ಬಾಯಾರಿದವನೇ ಬರಬೇಕು,
ಇಣುಕಬೇಕು, ಹಗ್ಗ ಇಳಿಸಬೇಕು, ಎಳೆಯಬೇಕು.
ಸುರಂಗ ಹಾಗಲ್ಲ ಮಾರಾಯ್ತಿ,
ಗುಡ್ಡಕ್ಕೆ ಅಡ್ಡವಾಗಿ ಒಮ್ಮೆ ಕೊರೆದುಬಿಟ್ಟರೆ
ನೀನು ಮಲಗಿದ್ದಾಗಲೂ ನೀರು ತಾನೇ ಬಂದು
ಟಾಂಕಿಯಲ್ಲಿ ಕೂತಿರುತ್ತದೆ,
ಎಂದ ಐತ್ತಪ್ಪಣ್ಣ
ಪೆರ್ಲದ ಅಕ್ಷಯ ಕೇಂದ್ರದ ಬೆಂಚಿನಲ್ಲಿ.
ಪಿಂಚಣಿಗೆ ಬೆರಳೊತ್ತಲು ಬಂದವನು.
ಮುರಕಲ್ಲಿಗೆ ತೇದು ತೇದು ಗೆರೆಯೇ ಉಳಿಯದ ಬೆರಳು,
‘ಗುರುತು ಸಿಗಲಿಲ್ಲ’ ಎನ್ನುತ್ತದೆ ಯಂತ್ರ,
ಮೂರನೇ ಸಲ.

ನನಗೆ ಫೀಡು ಅರ್ಥವಾದದ್ದು ಆ ಬೆಂಚಿನ ಮೇಲೆ.
ಕಿತ್ತಳೆ ಬಣ್ಣದ ಚೌಕ, ಒಳಗೊಂದು ಚುಕ್ಕಿ, ಎರಡು ಕಮಾನು,
ಹನಿ ಬಿದ್ದಲ್ಲಿಂದ ಎದ್ದ ಅಲೆಯ ಹಾಗೆ.
ಎಣ್ಮಕಜೆಯ ಗುಡ್ಡಗಳ ಸುರಂಗಗಳನ್ನು
ವಾರಕ್ಕೊಂದರಂತೆ ಬರೆಯುತ್ತಿದ್ದೆ:
ಎಷ್ಟು ಕೋಲು ಉದ್ದ, ಎಲ್ಲಿ ತಿರುವು, ತೋಡಿದ್ದು ಯಾರು.
ಬೇಕೆಂದವರಿಗೆ ಬರೆದದ್ದು ತಾನೇ ಹರಿದು ಹೋಗಲಿ ಎಂದು
ದಾರಿ ಕೊರೆದೆ.

ಮೊದಲ ವಾರ ಎರಡು ಟಾಂಕಿ.
ಒಂದು ನನ್ನದೇ, ನೀರು ಬರುತ್ತದೋ ನೋಡಲಿಕ್ಕೆ.
ಇನ್ನೊಂದು ತಂಗಿ ಜಲಜಾಕ್ಷಿಯದು, ಬೈದು ಇಡಿಸಿದ್ದು.

ಹುಡುಕುವವರಿಗೆ ಸಿಗುವುದು ಹೇಗಪ್ಪಾ?
‘ಅತ್ತಿಮರ ನೋಡುತ್ತಿದ್ದೆ,’ ಎಂದ ಐತ್ತಪ್ಪಣ್ಣ,
‘ಹುತ್ತ ನೋಡುತ್ತಿದ್ದೆ, ಮೇ ತಿಂಗಳಲ್ಲೂ ಬಾಡದ ಬಳ್ಳಿ.
ಒಳಗಿನದ್ದು ಹೊರಗೊಂದು ಗುರುತು ಬಿಟ್ಟಿರಬೇಕು.
ಇಲ್ಲದಿದ್ದರೆ ಭೂತಕ್ಕೂ ಗೊತ್ತಾಗಲಿಕ್ಕಿಲ್ಲ.’

‘ಕತ್ತಲೆಯ ಗರ್ಭದಲ್ಲಿ’ ಎಂದೊಂದು ತಲೆಬರಹ ಇಟ್ಟಿದ್ದೆ.
ನೀರಿಲ್ಲದವರು ಯಾರಾದರೂ ಗರ್ಭ ಎಂದು ಹುಡುಕುತ್ತಾರೆಯೇ?
ಹೊಡೆದು ಹಾಕಿದೆ.
‘ಕಲ್ಲಪದವಿನ ಸುರಂಗ, ನಲವತ್ತೆರಡು ಕೋಲು’ ಎಂದು ಬರೆದೆ.
ಅಡಿಯಲ್ಲಿ ತುಳುವಿನ ಸುರಂಗೊ, ಮಲಯಾಳದ ತುರಂಗಂ,
ಊರಿನ ಹೆಸರು ಮೂರು ಬೋರ್ಡಿನ ಮೂರು ಕಾಗುಣಿತದಲ್ಲಿ.
ನಮಗಿದು ಹೊಸತೇನಲ್ಲ:
ರೇಶನ್ ಕಾರ್ಡಿನಲ್ಲಿ ನಾನೊಬ್ಬಳು,
ಶಾಲೆಯ ಹಾಜರಿಯಲ್ಲಿ ಇನ್ನೊಬ್ಬಳು,
ಎರಡು ಹೆಸರಿಗೂ ಓಗೊಟ್ಟು ಬೆಳೆದವಳು.

ಆಮೇಲೆ ಕಾಯುವುದು.
ಮೂವತ್ತು ಕೋಲು ತೋಡಿದರೂ ಒಣಮಣ್ಣು ಬಂದ
ವರ್ಷದ ಕತೆ ಹೇಳಿದ ಐತ್ತಪ್ಪಣ್ಣ,
ನಾನು ಕೇಳದಿದ್ದರೂ.

ಹದಿನೇಳನೆಯ ವಾರ, ಮೂವತ್ತೊಂದು ಟಾಂಕಿ.
ಹುರುಪಿನಲ್ಲಿ ಬರೆದೆ:
‘ಕಲ್ಲಪದವನ್ನು ಐತ್ತಪ್ಪ ಒಬ್ಬನೇ ತೋಡಿದ.’
ಗುಂಡಿ ಒತ್ತಿ ಚಹಾ ಕುಡಿದು ಬರುವಷ್ಟರಲ್ಲಿ
ಮೂವತ್ತೊಂದು ಕಡೆ ತಲುಪಿತ್ತು ಆ ‘ಒಬ್ಬನೇ’.
ಸುರಂಗದ ಬಾಯಿ ದಾಟಿದ ನೀರನ್ನು
ಒಳಗೆ ಕರೆಯುವವರುಂಟೇ?

ಸಂಜೆ ಪಯ್ಯನ್ನೂರಿನಿಂದ ಒಂದು ಸಾಲು, ಮಲಯಾಳದಲ್ಲಿ.
ತುರಂಗಂ ಎಂದು ಹುಡುಕಿ ನನ್ನಲ್ಲಿಗೆ ಬಂದವಳು,
ಶ್ರೀಲತಾ ಎಂದು ಹೆಸರು:
‘ಅವನೊಬ್ಬನೇ ತೋಡಿದರೆ
ಮಣ್ಣು ತಾನಾಗಿ ನಡೆದು ಹೊರಗೆ ಬಂತೋ?
ಬುಟ್ಟಿ ಹೊತ್ತದ್ದು ನನ್ನ ಅಜ್ಜಿ.’

ಓದಿ ಹೇಳಿದೆ.
ಐತ್ತಪ್ಪಣ್ಣ ವೀಳ್ಯ ಉಗುಳಿ ಬಂದು ಕೂತ.
ಬಸ್ಸೊಂದು ಬದಿಯಡ್ಕಕ್ಕೆ ಹೋಯಿತು.
‘ಚಿರುತ,’ ಎಂದ.
‘ದೀಪ ಇಡುತ್ತಿದ್ದವಳೂ ಅವಳೇ.
ಒಂದು ದಿನ ದೀಪ ಆರಿತು, ಉಸಿರು ಕಟ್ಟಿತು ನನಗೆ.
ಎರಡು ಕಾಲು ಹಿಡಿದು ದರದರ ಎಳೆದು ಹಾಕಿದಳು,
ಬೆನ್ನಿನ ಸಿಪ್ಪೆ ಎದ್ದುಹೋಗುವ ಹಾಗೆ.
ಆಮೇಲೆ ಕೂಲಿ ಕೇಳಿದಳು. ಕೊಟ್ಟಿರಲಿಲ್ಲ.’

ತಿದ್ದಿದೆ.
ತಿದ್ದಿದ್ದನ್ನೂ ಹೊಸತೆಂದು ತಿಳಿದು ಯಂತ್ರ
ಮೂವತ್ತೊಂದು ಕಡೆ ಮತ್ತೆ ಹರಿಸಿತು.
ಇಬ್ಬರು ಬೇಸತ್ತು ಟಾಂಕಿ ಮುಚ್ಚಿದರು.
ಈಗ ಯಾರಾದರೂ ಚಿರುತ ಎಂದು ಹುಡುಕಿದರೆ
ಕಲ್ಲಪದವು ಸಿಗುತ್ತದೆ.
ಕೂಲಿಯ ಮಾತೂ ಅಲ್ಲೇ ಉಂಟು,
ಬರೆ ಎಂದವನು ಅವನೇ.

ಬೆರಳು ಕೊನೆಗೂ ಆಗಲಿಲ್ಲ.
ಕಣ್ಣು ತೋರಿಸು ಎಂದೆ.
ಮಿಟುಕಿಸಬೇಡ, ಹತ್ತಿರ ಬಾ, ಇನ್ನೂ ಹತ್ತಿರ.
ಸುರಂಗದೊಳಗಿಂದ ಬೆಳಕನ್ನು ನೋಡುವವನಂತೆ
ನೋಡಿದ.
ಸಿಕ್ಕಿದ.